ಪರದೆಯ ಹಿಂದಿನ ಚೀಟಿಗಳು

ಭಾನುವಾರ, ಎರಡನೇ ಕಾಫಿಯಾದ ಮೇಲೆ

ನನ್ನ ಮುದ್ದು ಮಗಳೇ,

ಅಪ್ಪನ ಆಶೀರ್ವಾದ ಮೊದಲು, ಗಾಬರಿಯಾಗಬೇಡ ಅನ್ನುವುದು ಆಮೇಲೆ. ಫೋನಿನಲ್ಲಿ ಹೇಳಹೊರಟರೆ ನೀನು ನಡುನಡುವೆ "ಮುಂದೇನಾಯ್ತು, ಬೇಗ ಹೇಳಿ" ಅಂತ ನನ್ನ ಲಯ ಕೆಡಿಸುತ್ತೀಯ. ಅದಕ್ಕೇ ಈ ಕಾಗದ. ನರ್ಸಿಂಗ್ ತರಬೇತಿ ಮುಗಿಯುವವರೆಗೆ ಮಗಳನ್ನು ನನ್ನ ಕೈಗೊಪ್ಪಿಸಿ ಹೋದೆಯಲ್ಲ, ಅದರ ವರದಿ ಅಂದುಕೋ.

ನಿನಗೆ ಹೇಳದೆ ಇಟ್ಟ ಸಂಗತಿಯೊಂದಿದೆ. ಕೆಲವು ತಿಂಗಳ ಹಿಂದೆ ಶಾಲೆಯ ಹೆಡ್‌ಮಿಸ್ ಕರೆಸಿ, ನಿಮ್ಮ ಮೊಮ್ಮಗಳಿಗೆ ಓದಲು ಬರುವುದಿಲ್ಲ, ಹೀಗೇ ಇದ್ದರೆ ಎರಡನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಬೇಕಾಗುತ್ತದೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ದಿನಾ ಸಂಜೆ ಪಾಠವೆಲ್ಲ ಗಡಗಡ ಒಪ್ಪಿಸುವ ಮಗು! ಆದರೆ ಅವಳ ಟೀಚರಮ್ಮ ಪಾಠದ ನಡುವಿನ ಸಾಲಿಗೆ ಬೆರಳಿಟ್ಟು "ಇಲ್ಲಿಂದ ಓದು ಪುಟ್ಟೀ" ಅಂದರೆ, ನಮ್ಮ ಚಿನಕುರುಳಿ ಪಾಠದ ತಲೆಯಿಂದ ಶುರುಮಾಡಿದಳು. ಎಲ್ಲ ಕಿವಿಯಲ್ಲಿ ಕಲಿತದ್ದು. ಕಲಿಸಿದ ಮಹಾಶಯ ನಾನೇ. ಸಂಜೆ ಮೊದಲು ನಾನು ಓದುವುದು, ಆಮೇಲೆ ಅವಳು. "ನೀವೇ ಓದ್ಬಿಟ್ರೆ ಅವಳ್ಯಾಕೆ ಕಷ್ಟಪಡ್ತಾಳೆ ಸಾರ್?" ಅಂದರು ಟೀಚರಮ್ಮ. ನಿನ್ನ ಅಮ್ಮ ಇದ್ದಿದ್ದರೆ ಮೊದಲ ವಾರವೇ ಹಿಡಿದುಬಿಡುತ್ತಿದ್ದಳು. ಅವಳ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ, ನನ್ನದಂತೂ ಬಿಡು.

ಟೀಚರಮ್ಮ ಕೊಟ್ಟ ಮದ್ದು ನಾಟಕ. ವಾರ್ಷಿಕೋತ್ಸವಕ್ಕೆ ರೈಲ್ವೆ ಸ್ಟೇಷನ್ನಿನ ನಾಟಕ. ಬೆಂಚುಗಳೇ ಬೋಗಿ, ತರಗತಿಯೇ ಪ್ರಯಾಣಿಕರು, ಮೈಕಿನಲ್ಲಿ ಪ್ರಕಟಣೆ ಕೂಗುವವಳು ನಮ್ಮವಳು. ಆದರೆ ಬರೆದಿಟ್ಟ ಮಾತೇ ಇಲ್ಲ. ಪರದೆಯ ಹಿಂದೆ ಕೂತ ಮಕ್ಕಳು ಆಗಿಂದಾಗಲೇ ಚೀಟಿ ಬರೆದು ರಟ್ಟಿನ ಕಿಟಕಿಯಿಂದ ತೂರಿಸುತ್ತಾರೆ. ಇವಳು ಓದಿದ್ದನ್ನು ಪ್ರಯಾಣಿಕರು ಮಾಡಬೇಕು. ಪ್ರತಿಸಲವೂ ಹೊಸದು, ಬಾಯಿಪಾಠಕ್ಕೆ ಜಾಗವೇ ಇಲ್ಲ. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ನಾಟಕದ ವಿಷಯಕ್ಕೆ 'ಸಸ್ಪೆನ್ಷನ್ ಆಫ್' ಏನೋ ಒಂದು ಹೇಳುತ್ತಿದ್ದರು. ಆಫೀಸಿನವರ ಸಸ್ಪೆನ್ಷನ್ ಅಲ್ಲ. ಸುಳ್ಳೆಂದು ಗೊತ್ತಿದ್ದೂ ನಿಜವೆಂದೇ ನಂಬಿ ನೋಡುವುದು. ಮುಂದಿನ ಪದ ಮರೆತಿದೆ, ಇರಲಿ.

ಮೊದಮೊದಲು ಬರೀ ಗೋಳು. ಚೀಟಿ ನೋಡಿದಂತೆ ಮಾಡಿ "ರೈಲು ಬರ್ತಾ ಇದೆ" ಎಂದು ತೇಲಿಸಿದಳು. ಬರೆದ ಹುಡುಗಿ ಪರದೆಯಿಂದ ತಲೆ ಹೊರಹಾಕಿ, "ಏಯ್, ನಾನು ಹಂಗೆ ಬರ್ದೇ ಇಲ್ಲ! ಎಲ್ಲಾರೂ ಕಪ್ಪೆ ಥರ ಕುಪ್ಪಳಿಸಿ ಅಂತ ಬರ್ದಿದೀನಿ!" ಎಂದು ಜಗಳಕ್ಕೆ ನಿಂತಳಂತೆ. ಅವತ್ತು ಮನೆಗೆ ಬಂದವಳೇ, "ಅಜ್ಜ, ಕಪ್ಪೆ ಅಂತ ಹೇಗೆ ಬರೀತಾರೆ, ತೋರ್ಸು" ಅಂದಳು. ಪಾಠಕ್ಕಾಗಿ ಎಂದೂ ಕೇಳದವಳು ಕಪ್ಪೆಗಾಗಿ ಕೇಳಿದಳು! ಒಂದು ಸಾಲು ಓದಿದರೆ ಇಡೀ ತರಗತಿ ಕುಣಿಯುತ್ತದೆ. ಅಂಥ ಅಧಿಕಾರ ಯಾರಿಗೆ ಬೇಡ? ಆಮೇಲೆ ಸೋಪಿನ ಹೊದಿಕೆ, ಅಂಗಡಿಯ ಬೋರ್ಡು, ಬಸ್ಸಿನ ಹಣೆ, ಯಾವುದನ್ನೂ ಬಿಡಲಿಲ್ಲ. ಒಂದೊಂದು ಅಕ್ಷರಕ್ಕೂ ತಿಣುಕುತ್ತಿದ್ದಳು, ನಾನು ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುತ್ತಿದ್ದೆ. ಅದೆಂಥ ಶಿಕ್ಷೆ ಅಂತ ನಿನಗೆ ಗೊತ್ತು.

ನಿನ್ನೆ ನಾಟಕ. ಎಲ್ಲ ಸಲೀಸಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಹೆಡ್‌ಮಿಸ್ ಎದ್ದು, "ಒಂದು ಚೀಟಿ ನಾನೂ ಬರೀತೀನಿ" ಎಂದು ಪರದೆಯ ಹಿಂದೆ ಹೋದರು. ನನ್ನ ಜೀವ ಬಾಯಿಗೆ ಬಂತು. ಕಿಟಕಿಯಿಂದ ಬಂದ ಚೀಟಿ ಉದ್ದವಿತ್ತು. ಮಗು ನೋಡಿತು. ಬೆರಳು ಮೆಲ್ಲಗೆ ಸರಿಯಿತು.

"ಪ್ರ... ಯಾಣಿಕರೇ. ಮೂರನೇ... ತರಗತಿಗೆ ಹೋಗುವ ರೈಲು... ಹೊರಡುತ್ತಿದೆ. ಪ್ರಕಟಣೆ ಓದುತ್ತಿರುವ... ಹುಡುಗಿಯೂ... ಹತ್ತಬೇಕು."

ಓದಿ ಮುಗಿಸಿದಳು. ಮತ್ತೊಮ್ಮೆ ತುಟಿಯಲ್ಲೇ ಓದಿಕೊಂಡಳು. "ನಾನಾ?" ಅಂದಳು ಮೈಕಿನಲ್ಲೇ. ಆಮೇಲೆ ಮೈಕನ್ನು ಧಡಾರನೆ ಕೆಳಗಿಟ್ಟು ಓಡಿಹೋಗಿ ಬೋಗಿ ಹತ್ತಿದಳು ನೋಡು! ಓದಲು ಬಂದರೆ ತಾನೇ ಹತ್ತುವುದು, ಹೆಡ್‌ಮಿಸ್ ಎಂಥ ಜಾಣೆ! ಇಡೀ ಸಭೆ ಎದ್ದು ನಿಂತಿತು. ನಾನು ಹಿಂದಿನ ಸಾಲಿನಲ್ಲಿ ಗಂಭೀರವಾಗಿ ಕೂತು, ವಯಸ್ಸಿಗೆ ತಕ್ಕಷ್ಟು ಚಪ್ಪಾಳೆ ತಟ್ಟಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿಯ ಚಿಂತೆ ಬಿಡು.

ನಿನ್ನ ಮಗಳ ಅಜ್ಜನೆಂದು ಎದೆಯುಬ್ಬಿಸಿಕೊಂಡಿರುವ,
ಅಪ್ಪ

ತಾ.ಕ.: ಅಮ್ಮ, ಅಜ್ಜ ಗಂಭೀರವಾಗಿ ಕೂತಿರಲಿಲ್ಲ. ಕುರ್ಚಿ ಮೇಲೆ ಹತ್ತಿ ನನ್ನ ಮೊಮ್ಮಗಳು ನನ್ನ ಮೊಮ್ಮಗಳು ಅಂತ ಕೂಗಿದರು. ಅತ್ತರು. ಟೀಚರ್ ಕೈ ಹಿಡಿದು ಇಳಿಸಿದರು. ಕಾಗದ ಪೂರ್ತಿ ನಾನೇ ಓದಿದೆ. ಅಜ್ಜನಿಗೆ ಗೊತ್ತಿಲ್ಲ. ಅಂಟು ಹುಡುಕಲು ಒಳಗೆ ಹೋದವರು ಇನ್ನೂ ಬಂದಿಲ್ಲ.