ಚಿಕ್ಕಮ್ಮನ ಬದಿ

ಪ್ರೀತಿಯ ಚಿಕ್ಕಮ್ಮ,

ನಾನು ಚೆನ್ನಾಗಿದ್ದೇನೆ, ಹಳೇ ರೆಕಾರ್ಡ್ ಕವರುಗಳ ಧೂಳಿಗೆ ಸೀನು ಮಾತ್ರ ಬಿಟ್ಟಿಲ್ಲ. ಈ ಊರಿನ ಬ್ಯಾಂಡುಗಳು ಹೊರತಂದ ಪಾಪ್, ರಾಕ್ ರೆಕಾರ್ಡುಗಳನ್ನೆಲ್ಲ ಮನೆಮನೆ ಹುಡುಕಿ ಪಟ್ಟಿ ಮಾಡುತ್ತಿದ್ದೇನೆ. ಮದುವೆಗೆ ಮುಂಚೆ ನೀನಿಲ್ಲಿ ಹಾಡಿದ್ದ ರೆಕಾರ್ಡಿನ ಇನ್ನೊಂದು ಪ್ರತಿ ಇವತ್ತು ಗಡಿಯಾರ ರಿಪೇರಿಯವರ ಬೀರುವಿನಲ್ಲಿ ಸಿಕ್ಕಿತು. ನಿಮ್ಮ ಬ್ಯಾಂಡಿನ ಯಜಮಾನ ಹಾಡಿದ ಬದಿ ಕನ್ನಡಿಯ ಹಾಗೆ ಹೊಳೆಯುತ್ತಿದೆ. ನಿನ್ನ ಬದಿಗೆ ಪ್ಲೇಯರಿನ ಮುಳ್ಳು ಇಟ್ಟರೆ ಬರೀ ಚರಚರ, ಅದರ ಹಿಂದೆ ಎಲ್ಲೋ ನೀನು!

"ಅದನ್ನ ಬರ್ಕೋಬೇಡಮ್ಮ, ಸವೆದುಹೋಗಿದೆ," ಎಂದರು ಅವರು. "ನಮ್ಮನೆಯವ್ಳು ಬೆಳಗಾದ್ರೆ ಅದನ್ನೇ ಹಾಕೋಳು. ಸ್ವಲ್ಪ ಆ ಕಡೇದೂ ಹಾಕೇ ಅಂದ್ರೆ ಮೂರು ದಿನ ಮಾತು ಬಿಡೋಳು."

"ನನ್ನ ಹಾಡು ಯಾರು ಕೇಳಿದ್ರು, ಬಿಡೇ" ಅಂತ ನೀನು ಹೇಳುತ್ತಲೇ ಇರುತ್ತೀಯಲ್ಲ, ಇನ್ನು ಬಾಯಿ ಮುಚ್ಚಿಕೋ. ಇದು ನನಗೆ ಸಿಕ್ಕ ನಾಲ್ಕನೆಯ ಪ್ರತಿ. ಯಜಮಾನನ ಬದಿ ನಾಲ್ಕರಲ್ಲೂ ಹೊಸದರಂತಿದೆ. ಪಟ್ಟಿಯಲ್ಲಿ ನಿನ್ನ ಬದಿಯ ಸ್ಥಿತಿ ಬರೆಯುವ ಕಡೆ ನಾಲ್ಕು ಸಲವೂ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಪೂರ್ತಿ ಸವೆದಿದೆ.

ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ಅಕ್ಕನ ಮಗಳು