ಎರಡು ಕೋಣೆಗೆ ಒಂದೇ ಸ್ವಿಚ್ಚು

ಫೆಬ್ರವರಿ ೯

ಪ್ರೀತಿಯ ಗೊಣಗೇಶನಿಗೆ,

ನಾನಿಲ್ಲಿ ಕ್ಷೇಮ, ನಿನ್ನಮ್ಮ ನನಗಿಂತ ಕ್ಷೇಮ. ಕಾಗದ ತಡವಾಯಿತೆಂದು ಮುಖ ಊದಿಸಿಕೊಂಡು ಕೂತಿರಬೇಡ. ಈ ಮನೆಯಲ್ಲಿ ಕೂತು ಬರೆಯುವುದಕ್ಕೆ ಒಂದು ಸಮತಟ್ಟಾದ ಜಾಗವಿಲ್ಲ, ಎಲ್ಲಿ ಕೈಯಿಟ್ಟರೂ ಸಿಮೆಂಟಿನ ಧೂಳು. ಇದನ್ನು ಬಡಗಿಯ ಬೆಂಚಿನ ಒಂದು ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೊಂದು ತುದಿಯಲ್ಲಿ ಅವನು ನಿನ್ನ ಕಿಟಕಿಯ ಚೌಕಟ್ಟು ಕೀಸುತ್ತಿದ್ದಾನೆ. ಅಕ್ಷರ ಸೊಟ್ಟಗಾಗಿದ್ದರೆ ತಪ್ಪು ಅವನದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೇನೋ. ಫೋನಿನಲ್ಲಿ ನಿನ್ನ ಕಡೆಯಿಂದ ಬರುವುದು ‘ಹ್ಞೂಂ’, ‘ಸರಿ’, ಮಧ್ಯೆ ಮಧ್ಯೆ ನದಿಯ ಗಾಳಿ. ಕಾಗದದಲ್ಲಾದರೆ ನಾನು ಮಾತಾಡುವಷ್ಟು ಹೊತ್ತೂ ನೀನು ಸುಮ್ಮನಿರುವುದು ನ್ಯಾಯವೇ ಅನ್ನಿಸುತ್ತದೆ.

ಮೊದಲು ಮನೆಯ ಸುದ್ದಿ. ದನದ ಡಾಕ್ಟರಿಂದ ಈ ಮನೆ ಕೊಂಡಾಗ ನೀನು ನೋಡಿದ್ದು ಗೋಡೆ ಮತ್ತು ಬಾವಲಿ. ಈಗ ಬಾವಲಿಗಳು ಪೂರ್ತಿ ಹೋಗಿವೆ, ಗೋಡೆ ಅರ್ಧ ಹೋಗಿದೆ. ಡಾಕ್ಟರು ದನ ಕುರಿ ನೋಡುತ್ತಿದ್ದ ಮುಂದಿನ ದೊಡ್ಡ ಕೋಣೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಸಿದ್ದೇನೆ. ರಸ್ತೆ ಕಡೆಯದು ನನ್ನ ಆಫೀಸು, ತೋಟದ ಕಡೆಯದು ನಿನ್ನದು. ನಾನು ಬಾಯಿಬಡುಕಿ, ದಾರಿಹೋಕರು ಕಾಣುತ್ತಿದ್ದರೆ ನನಗೆ ಅನುವಾದದ ಕೆಲಸ ಸರಾಗವಾಗಿ ಓಡುತ್ತದೆ. ನಿನಗೆ ಮರಗಳು ಸಾಕು, ಅವು ತಿರುಗಿ ಮಾತಾಡುವುದಿಲ್ಲ. ನೀನು ಎಡಗೈಯವನಲ್ಲವೆ, ನಕ್ಷೆ ಬರೆಯುವಾಗ ಕೈಯ ನೆರಳು ಕಾಗದದ ಮೇಲೆ ಬೀಳಬಾರದೆಂದು ನಿನ್ನ ಮೇಜಿನ ಬಲಕ್ಕೆ ಕಿಟಕಿ ಇಡಿಸಿದೆ. ಮೇಸ್ತ್ರಿ ತಲೆ ಕೆರೆದುಕೊಂಡ.

“ಎಲ್ಲರೂ ಎಡಗಡೆ ಬೆಳಕು ಕೇಳ್ತಾರಮ್ಮ, ನಿಮ್ಮದೊಂದು ಉಲ್ಟಾ.”

“ನಮ್ಮನೆಯವರೇ ಉಲ್ಟಾ ಕಣಪ್ಪ, ಕಿಟಕಿ ಏನು ಮಾಡುತ್ತೆ” ಎಂದೆ.

ಮೇಜಿಗೂ ಗೋಡೆಗೂ ನಡುವೆ ಉದ್ದಕ್ಕೆ ಜಾಗ ಬಿಡಿಸಿದ್ದೇನೆ. ಫೋನು ಬಂದರೆ ನೀನು ಕೂತಲ್ಲಿ ಕೂರುವವನಲ್ಲ. ಅಡ್ಡಾಡಿ ಅಡ್ಡಾಡಿ ನಮ್ಮ ಹಿಂದಿನ ಫ್ಲಾಟಿನ ಚಾಪೆ ಸವೆಸಿದ್ದು ನನಗೆ ನೆನಪಿದೆ.

ಇನ್ನು ಹಿಂದಿನ ಚಿಕ್ಕ ಕೋಣೆ. ಹುಷಾರಿಲ್ಲದ ಕುರಿಗಳನ್ನು ಕಟ್ಟಿಹಾಕುತ್ತಿದ್ದರಲ್ಲ, ಅದು. ಅದನ್ನು ಏಕಾಂತಕ್ಕೆಂದು ಬಿಟ್ಟಿದ್ದೇನೆ. ಅಲ್ಲಿ ಮೇಜಿಲ್ಲ, ಗಡಿಯಾರವಿಲ್ಲ, ಫೋನು ಒಯ್ಯುವ ಹಾಗಿಲ್ಲ. ಗೋಡೆಗೆ ಸೇರಿಸಿ ಒಂದು ಅಗಲವಾದ ಕಟ್ಟೆ, ಮೇಲೊಂದು ಹಾಸಿಗೆ, ಮಾಡಿನಲ್ಲಿ ಗಾಜು. ಆಕಾಶ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅತ್ತೆಗೆ ಇದು ಸುತರಾಂ ಒಪ್ಪಿಗೆಯಿಲ್ಲ.

“ಕುರಿ ಕಟ್ತಿದ್ದ ಜಾಗದಲ್ಲಿ ನನ್ನ ಮಗ ಕೂರ್ಬೇಕಾ? ಅವನೇನು ಕಾಯಿಲೆ ಬಿದ್ದಿದಾನಾ?”

“ಮನಸ್ಸಿಗೆ ಸ್ವಲ್ಪ ಬಿಡುವು ಬೇಕು ಅನ್ನಿಸಿದಾಗ ಕೂರೋದಕ್ಕೆ ಅತ್ತೆ.”

“ಹಾಗನ್ನು. ಮುನಿಸಿಕೊಂಡು ಕೂರೋಕೆ.”

ಅಂದಿನಿಂದ ಅದಕ್ಕೆ ಮುನಿಸಿನ ಕೋಣೆ ಎಂದೇ ಹೆಸರು. ಮೇಸ್ತ್ರಿಯೂ ಈಗ ಹಾಗೇ ಕರೆಯುತ್ತಾನೆ. “ಮುನಿಸಿನ ಕೋಣೆಗೆ ಸುಣ್ಣ ಒಂದು ಕೋಟ್ ಸಾಕಾ, ಎರಡು ಬೇಕಾ?” ಎಂದು ಬೆಳಗ್ಗೆ ಕೇಳಿದ.

ನಿನಗೆ ನೆನಪಿದೆಯೋ ಇಲ್ಲವೋ. ಫ್ಲಾಟಿನಲ್ಲಿ ನಮ್ಮಿಬ್ಬರಿಗೂ ಇದ್ದದ್ದು ಆ ಒಂದೇ ಊಟದ ಮೇಜು. ಒಂದು ಕಡೆ ನಿನ್ನ ಸೇತುವೆಗಳು, ಇನ್ನೊಂದು ಕಡೆ ನನ್ನ ಯಂತ್ರಗಳ ಕೈಪಿಡಿಗಳು, ನಡುವೆ ಒಂದು ದೀಪ. ನಾನು ಅನುವಾದ ಮಾಡಿದ ವಾಕ್ಯವನ್ನು ಜೋರಾಗಿ ಓದಿ ‘ಅರ್ಥವಾಯಿತಾ’ ಎಂದು ಕೇಳುತ್ತಿದ್ದೆ, ನೀನು ಲೆಕ್ಕ ಗೊಣಗುತ್ತಲೇ ತಲೆಯಾಡಿಸುತ್ತಿದ್ದೆ. ಒಂದು ದಿನ ನೀನು ಪೆನ್ಸಿಲ್ ಕೆಳಗಿಟ್ಟು, “ನನಗೊಂದು ಬಾಗಿಲು ಬೇಕು ಕಣೇ. ಹಾಕ್ಕೊಳ್ಳೋ ಅಂಥದ್ದು” ಎಂದೆ. ನನಗೆ ಚುರುಕ್ ಎಂದಿತು. ಆದರೆ ನೀನು ಕೇಳಿದ ದನಿ ಎಷ್ಟು ಸಣ್ಣದಾಗಿತ್ತೆಂದರೆ ಜಗಳವಾಡಲು ಮನಸ್ಸು ಬರಲಿಲ್ಲ. ಮರುದಿನದಿಂದಲೇ ಇಬ್ಬರೂ ಸೇರಿ ಹಳೆಯ ಕಾಗದಗಳ ಹಿಂಬದಿಯಲ್ಲಿ ಈ ಮನೆ ಬರೆಯಲು ಶುರುಮಾಡಿದೆವು. ಅಷ್ಟರಲ್ಲಿ ನಿನಗೆ ಈ ಸೇತುವೆಯ ಕೆಲಸ ಬಂತು. ಸೇತುವೆ ಮುಗಿದ ಮೇಲೆ ಮನೆಯಿಂದಲೇ ಕೆಲಸ ಎಂದು ನೀನು ಹೇಳಿಹೋದ ಮಾತನ್ನು ನಾನು ಇಟ್ಟಿಗೆಗಿಂತ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೇನೆ.

ನಿನ್ನ ಮೇಜಿಗೆ ಬಡಗಿ ಒಳ್ಳೆಯ ಹಲಗೆಯನ್ನೇ ಹೇಳಿದ್ದಾನೆ. ನದಿಯ ಆಚೆ ದಡದ ಡಿಪೋದಿಂದ ಬರಬೇಕು. ಲಾರಿ ಊರೆಲ್ಲ ಸುತ್ತಿಕೊಂಡು ಬರಬೇಕಾದ್ದರಿಂದ ಮಳೆಗಾಲದ ಹೊತ್ತಿಗೆ ಬಂದರೆ ಪುಣ್ಯ ಎಂದ. ನಿನ್ನ ಸೇತುವೆ ಬೇಗ ಮುಗಿಸು ಮಾರಾಯ, ಹಲಗೆಯೂ ಬೇಗ ಬರುತ್ತದೆ, ನೀನೂ ಬರುತ್ತೀಯ.

ನಿನ್ನ,
ಬಾಯಿಬಡುಕಿ

ಮಾರ್ಚ್ ೨

ಗೊಣಗೇಶ,

ನಿನ್ನ ಕಾಗದ ಬಂತು. ನಾನು ಅಷ್ಟುದ್ದ ಬರೆದದ್ದಕ್ಕೆ ನಾಲ್ಕು ಸಾಲು. ಇರಲಿ, ನಿನ್ನ ಲೆಕ್ಕದಲ್ಲಿ ಅದು ಭಾಷಣವೇ. ಸೇತುವೆ ಇನ್ನೂ ಅರ್ಧವೂ ಆಗಿಲ್ಲ, ಅಂದುಕೊಂಡಷ್ಟು ಬೇಗ ಬರಲಾಗುವುದಿಲ್ಲ ಎಂದು ಬರೆದಿದ್ದೀಯ. ಓದಿ ಬೇಜಾರಾಯಿತು. ಅದಕ್ಕಿಂತ ಬೇಜಾರಾದದ್ದು ಇನ್ನೊಂದು ಸಾಲು: “ಕೋಣೆಗೆ ಯಾವ ಬಣ್ಣವಾದರೂ ಹಾಕಿಸು.” ಹಲ್ಲುಜ್ಜುವ ಬ್ರಷ್ಷಿನ ಬಣ್ಣಕ್ಕೂ ನನ್ನೊಡನೆ ವಾದಕ್ಕಿಳಿಯುತ್ತಿದ್ದವನು ನೀನು. ವಾದ ಮಾಡಲಿ ಎಂದೇ ನಿನ್ನ ಕೋಣೆಗೆ ನಿನಗಾಗದ ಹಳದಿ ಬಳಿಸಿದ್ದೇನೆ. ಬಂದು ಬೈಯಿ.

ಮುನಿಸಿನ ಕೋಣೆಗೆ ಮೊದಲ ಗಿರಾಕಿ ಬಂದು ಹೋಯಿತು. ಡಾಕ್ಟರು ವಾಪಸು ಬಂದಿದ್ದಾರೆಂದು ತಿಳಿದು ಒಬ್ಬಾಕೆ ಕುಂಟುವ ಮೇಕೆಯನ್ನು ಎತ್ತಿಕೊಂಡು ಬಂದಳು. ಡಾಕ್ಟರಿಲ್ಲ ಎಂದು ನಾನು ಹೇಳುವುದರೊಳಗೆ ಅತ್ತೆ ಅದರ ಕಾಲು ಹಿಡಿದು ನೋಡಿಯಾಗಿತ್ತು. ಸಿಕ್ಕಿಕೊಂಡಿದ್ದ ಮುಳ್ಳು ಕಿತ್ತು, ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ನಿನ್ನ ಹೊಸ ಕಟ್ಟೆಯ ಪಕ್ಕ ಮಲಗಿಸಿದರು. ಸುಣ್ಣ ಇನ್ನೂ ಹಸಿಯಿತ್ತು. ಮೇಕೆ ಎದ್ದು ಹೋಗುವಾಗ ಅರ್ಧ ಬೆಳ್ಳಗಾಗಿತ್ತು. “ನೋಡು, ಈ ಕೋಣೆ ಕೆಲಸಕ್ಕೆ ಬರುತ್ತೆ” ಎಂದು ಅತ್ತೆ ಈಗ ನನಗೇ ಹೇಳುತ್ತಾರೆ.

ನಿನ್ನ ನನ್ನ ನಡುವಿನ ಗೋಡೆ ದಪ್ಪವಾಗಿ ಬಂದಿದೆ. ಸದ್ದು ದಾಟುತ್ತದೋ ನೋಡೋಣವೆಂದು ಅತ್ತೆಯನ್ನು ನಿನ್ನ ಕಡೆ ಕೂರಿಸಿ, “ನಿಮ್ಮ ಮಗನ ಹಾಗೆ ಲೆಕ್ಕ ಗೊಣಗಿ” ಎಂದೆ. ಈಚೆ ಬಂದು ಗೋಡೆಗೆ ಕಿವಿ ಕೊಟ್ಟು ನಿಂತೆ. ಒಂದು ಪಿಸುಮಾತೂ ಕೇಳಲಿಲ್ಲ. ಕೇಳಬಾರದೆಂದೇ ಅಷ್ಟು ದಪ್ಪ ಕಟ್ಟಿಸಿದ್ದು ನಾನೇ. ಆದರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ಈಗ ನಗಬೇಡ. ವೈರಿಂಗಿನ ಹುಡುಗಿ ಕೆಲಸ ಮುಗಿಸಿ ನನ್ನನ್ನು ಕರೆದಳು. (ಎಲೆಕ್ಟ್ರಿಷಿಯನ್ನಿನ ಮಗಳು ಅವಳು, ಅಪ್ಪನಿಗಿಂತ ಅಚ್ಚುಕಟ್ಟು.) ಸ್ವಿಚ್ಚು ಒತ್ತಿದಳು. ನಿನ್ನ ಮೇಜಿನ ದೀಪವೂ ನನ್ನ ಮೇಜಿನ ದೀಪವೂ ಒಟ್ಟಿಗೆ ಹತ್ತಿದವು. ಆರಿಸಿದರೆ ಎರಡೂ ಒಟ್ಟಿಗೆ ಆರಿದವು. ಸ್ವಿಚ್ಚು ಇರುವುದು ನಿನ್ನ ಗೋಡೆಯಲ್ಲಿ ಮಾತ್ರ.

“ಇದೇನಮ್ಮಾ ಹೀಗೆ?” ಎಂದೆ.

“ನೀವು ಬರೆದುಕೊಟ್ಟ ಹಾಗೇ ಹಾಕಿದೀನಿ ಅಕ್ಕಾ. ನಂಗೂ ವಿಚಿತ್ರ ಅನ್ನಿಸ್ತು. ಏನೋ ನಿಮ್ಮ ಮನೆ ಪದ್ಧತಿ ಇರಬೇಕು ಅಂದ್ಕೊಂಡೆ.”

ನಾನು ಬರೆದ ನಕ್ಷೆ ತಂದು ತೋರಿಸಿದಳು. ಹೌದು, ನನ್ನದೇ ಕೈ. ಎರಡು ಕೋಣೆ, ಎರಡು ಬಾಗಿಲು, ಎರಡು ಮೇಜು, ಎಲ್ಲವನ್ನೂ ಬೇರೆ ಮಾಡಿದವಳು ದೀಪಕ್ಕೆ ಬಂದಾಗ ಫ್ಲಾಟಿನ ಮೇಜಿಗೇ ಹೋಗಿಬಿಟ್ಟಿದ್ದೆ. ಅಲ್ಲಿ ನೀನೇ ಅಲ್ಲವೆ ದಿನವೂ “ಆಯ್ತಾ?” ಎಂದು ಕೇಳಿ ದೀಪ ಆರಿಸುತ್ತಿದ್ದದ್ದು. ನಿನ್ನ ಕೈ ಸ್ವಿಚ್ಚಿಗೆ ಹೋಯಿತೆಂದರೆ ಇಬ್ಬರ ಕೆಲಸವೂ ಮುಗಿದ ಹಾಗೆ. ಕೆಲಸ ಮುಗಿಸುವುದು ಬೇರೆ ರೀತಿಯಲ್ಲೂ ಇರಬಹುದೆಂದು ನನಗೆ ಹೊಳೆದೇ ಇಲ್ಲ. ಆ ಹುಡುಗಿಯೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ನಕ್ಕು ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ, ಆಮೇಲೆ ಅವಳೊಬ್ಬಳೇ ನಗುತ್ತಿದ್ದಳು.

ಸರಿಮಾಡಲು ಪ್ಲಾಸ್ಟರು ಒಡೆಯಬೇಕಂತೆ. ಸದ್ಯಕ್ಕೆ ಬೇಡ ಎಂದಿದ್ದೇನೆ. ಈಗ ನನ್ನ ಕೆಲಸ ಮುಗಿದಾಗಲೆಲ್ಲ ಎದ್ದು, ಸುತ್ತಿ, ನಿನ್ನ ಕೋಣೆಗೆ ಹೋಗಿ ದೀಪ ಆರಿಸಿ ಬರುತ್ತೇನೆ. ‘ಆಯ್ತಾ’ ಎಂದು ನಾನೇ ಕೇಳಿಕೊಳ್ಳುತ್ತೇನೆ. ಹುಚ್ಚು ಎನ್ನು, ಪರವಾಗಿಲ್ಲ.

ನಿನ್ನ,
ಬಾಯಿಬಡುಕಿ

ಏಪ್ರಿಲ್ ೧೮

ಪ್ರೀತಿಯ ಗೊಣಗೇಶನಿಗೆ,

ಈ ಸಲದ ತಡಕ್ಕೆ ಧೂಳು ಕಾರಣವಲ್ಲ. ಮೇಜಿದೆ, ಕುರ್ಚಿಯಿದೆ, ಬೆಳಕಿದೆ. ಬರೆಯಲು ಕೂತು ಎದ್ದುಹೋಗುತ್ತಿದ್ದೆ ಅಷ್ಟೆ. ಕ್ಷಮಿಸು.

ಮನೆ ಮುಗಿಯಿತು. ಮೇಸ್ತ್ರಿ ತನ್ನ ಸಾಮಾನು ಕಟ್ಟಿಕೊಂಡು ಹೋಗುವಾಗ ನಿನ್ನ ಕಿಟಕಿಯ ಮುಂದೆ ನಿಂತು, “ಉಲ್ಟಾ ಆದ್ರೂ ಚೆನ್ನಾಗೇ ಇದೆ” ಎಂದು ಒಪ್ಪಿಕೊಂಡ. ನಿನ್ನ ಮೇಜಿನ ಹಲಗೆ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಬೇಗ ಬಂತು. ಬಡಗಿ ಅದನ್ನು ಕನ್ನಡಿಯ ಹಾಗೆ ನುಣುಪು ಮಾಡಿದ್ದಾನೆ. ನಾನು ಒಂದು ಮೂಲೆಯಲ್ಲಿ ನಿನ್ನ ಪೆನ್ಸಿಲ್ಲುಗಳನ್ನು ಚೂಪು ಮಾಡಿ ಇಟ್ಟಿದ್ದೇನೆ. ಬೆಳಗಿನ ಹೊತ್ತು ಬಿಸಿಲು ಬಲಗಡೆಯಿಂದ ಒಳಗೆ ಬಂದು ಸರಿಯಾಗಿ ಕಾಗದ ಇರಬೇಕಾದ ಜಾಗದಲ್ಲಿ ಬೀಳುತ್ತದೆ. ಕಾಗದವೇ ಇಲ್ಲ. ಬರಿಯ ಹಲಗೆಯ ಮೇಲೆ ಅದು ಸುಮ್ಮನೆ ಬಿದ್ದಿರುವುದನ್ನು ನೋಡಲಾಗದೆ ನಿನ್ನೆ ಅಲ್ಲೊಂದು ಖಾಲಿ ಹಾಳೆ ಹಾಸಿದೆ.

ಮುನಿಸಿನ ಕೋಣೆಯಲ್ಲಿ ಒಂದು ಮಧ್ಯಾಹ್ನ ನಾನೂ ಮಲಗಿ ನೋಡಿದೆ. ಗಾಜಿನಲ್ಲಿ ಒಂದು ಮೋಡ ಬಂತು, ಹೋಯಿತು. ಒಳ್ಳೆಯ ಕೋಣೆ. ಯಾರೂ ಕರೆಯುವುದಿಲ್ಲ, ಏನೂ ಕೇಳುವುದಿಲ್ಲ. ಆದರೆ ನನಗೊಂದು ವಿಷಯ ಗೊತ್ತಾಯಿತು. ಏಕಾಂತ ಎನ್ನುವುದು ಸುಖವಾಗಿರಬೇಕಾದರೆ ಬಾಗಿಲಿನ ಆಚೆ ಯಾರಾದರೂ ಇರಬೇಕು. ಎದ್ದು ಬಾಗಿಲು ತೆರೆದರೆ “ಎಲ್ಲಿ ಹೋಗಿದ್ದೆ?” ಎನ್ನುವವರಿರಬೇಕು. ಇಲ್ಲದಿದ್ದರೆ ಇಡೀ ಮನೆಯೇ ಆ ಕೋಣೆ. ನನಗೆ ನೀನು ಬೇಕು. ಬಾಯಿಬಡುಕಿಯಾಗಿಯೂ ಇಷ್ಟು ದಿನ ಈ ಮಾತೊಂದನ್ನು ಸುತ್ತಿ ಬಳಸಿಯೇ ಬರೆದೆ, ಇವತ್ತು ನೇರವಾಗಿ ಬರೆದಿದ್ದೇನೆ.

ಅತ್ತೆ ಪಕ್ಕದಲ್ಲೇ ಕೂತಿದ್ದಾರೆ, ತಮ್ಮದೂ ಬರೆಯಬೇಕಂತೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: “ಅವನಿಗೆ ನನ್ನ ಆಶೀರ್ವಾದ. ನೂರು ಕಾಲ ತಣ್ಣಗಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡ್ಲಿ. ನಾವು ಬಾ ಬಾ ಅಂತೀವಿ ಅಂತ ಕೆಲಸ ಗಡಿಬಿಡಿಯಲ್ಲಿ ಮಾಡೋದು ಬೇಡ. ಜನ ಓಡಾಡೋ ಸೇತುವೆ, ಗಟ್ಟಿಯಾಗಿ ಕಟ್ಟಿ ಮುಗಿಸಿಯೇ ಬರ್ಲಿ.”

ಆ ಮೇಕೆ ಈಗ ಚೆನ್ನಾಗಿ ಓಡುತ್ತದೆ. ಆರೋಗ್ಯ ನೋಡಿಕೋ.

ನಿನ್ನವಳೇ ಆದ,
ಬಾಯಿಬಡುಕಿ

ಮರೆತಿದ್ದೆ: ಅತ್ತೆ ಎದ್ದು ಒಳಗೆ ಹೋದರು, ಅದಕ್ಕೇ ಈಗ ಬರೆಯುತ್ತಿದ್ದೇನೆ. ಹಲಗೆ ಅಷ್ಟು ಬೇಗ ಹೇಗೆ ಬಂತೆಂದು ಲಾರಿ ಡ್ರೈವರನ್ನು ಕೇಳಿದೆ. ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದ. “ಹೊಸ ಸೇತುವೆ ಮೇಲೇ ಬಂದೆ ಅಮ್ಮಾ. ಅದು ತೆರೆದು ಎರಡು ತಿಂಗಳಾಗ್ತಾ ಬಂತಲ್ಲ. ಒಳ್ಳೇ ಸೇತುವೆ, ಲೋಡ್ ಗಾಡಿ ಒಂಚೂರೂ ಕುಲುಕಲ್ಲ” ಎಂದ. ನನಗೆ ಮೊದಲು ಹೆಮ್ಮೆಯಾಯಿತು. ಅದು ನಮ್ಮನೆಯವರು ಕಟ್ಟಿದ್ದು ಎಂದು ಹೇಳಿಯೂ ಬಿಟ್ಟೆ. ಅವನು ಖಾಲಿ ಲೋಟ ಕೊಟ್ಟು ಹೋದ ಮೇಲೆ ಉಳಿದದ್ದು ಅರ್ಥವಾಯಿತು. ಅತ್ತೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಎಲ್ಲಿದ್ದೀಯ, ಯಾಕೆ ಎಂದು ಕೇಳುವುದಿಲ್ಲ. ಬಾಗಿಲು ಹಾಕಿಕೊಂಡು ಕೂರಬೇಕೆನಿಸಿದರೆ ಇಲ್ಲಿಯೂ ಕೂರಬಹುದು. ಮುನಿಸಿನ ಕೋಣೆಯ ಚಿಲಕ ಒಳಗಡೆ ಇಡಿಸಿದ್ದೇನೆ, ನಾನು ತಟ್ಟುವುದಿಲ್ಲ. ವೈರಿಂಗಿನ ಹುಡುಗಿ ಈ ವಾರ ಬರುತ್ತಾಳೆ. ನನ್ನ ಕೋಣೆಗೆ ಬೇರೆ ಸ್ವಿಚ್ಚು ಹಾಕಲೋ, ಈಗಿರುವ ಒಂದೇ ಸಾಕೋ ಎಂದು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ, ಅದನ್ನಾದರೂ ಬರೆ.