ಜುಬ್ಬದೊಳಗಿನ ಗಲ್ಲುಶಿಕ್ಷೆ

ಕಡೂರು, ೨೧ ಆಗಸ್ಟ್ ೧೯೮೧, ಶುಕ್ರವಾರ

ಬಿ.ಎ. ಪದವೀಧರನಾದ ನಾನು ಈ ಸಂಜೆ, ಪೂರ್ಣ ಪ್ರಜ್ಞೆಯಿಂದ, ವಾಚನಾಲಯದ ವಾರಪತ್ರಿಕೆಯ ಒಂದು ಹಾಳೆ ಹರಿದು ಜುಬ್ಬದೊಳಗೆ ಅಡಗಿಸಿ ತಂದಿದ್ದೇನೆ. ಹರಿಯುವ ಸದ್ದು ಕೇಳದಿರಲೆಂದು ಮೂರು ಸಲ ಕೆಮ್ಮಿದ್ದೂ ನಿಜ.

ಹಾಳೆಯಲ್ಲಿದ್ದದ್ದು ನನ್ನದೇ ಪತ್ರ. ತನ್ನ ಸ್ವಂತ ಅಣ್ಣನನ್ನೇ ಕೊಂದವನೊಬ್ಬ ಜೈಲಿನಲ್ಲಿ ಲಿಂಗದೀಕ್ಷೆ ಪಡೆದು ಈಗ ಕ್ಷಮಾದಾನ ಕೇಳುತ್ತಿದ್ದಾನೆ. ಅದಕ್ಕೆ ಪತ್ರಿಕೆಯವರು ಓದುಗರ ಅಭಿಪ್ರಾಯ ಕೇಳಿದ್ದರು. ‘ವಿಭೂತಿಯಿಂದ ರಕ್ತದ ಕಲೆ ಹೋಗದು, ಗಲ್ಲೇ ಸರಿ’ ಎಂದು ಬರೆದಿದ್ದೆ. ಹೆಸರು, ಊರು ಸಮೇತ ಅಚ್ಚಾಗಿದೆ. ನನ್ನ ನಿಲುವು ಬಂಡೆಯಂಥದ್ದು. ಆದರೆ ಅವನ ಜೀವ ಉಳಿಯಲೆಂದು ಅವ್ವ ಸೋಮವಾರ ಒಪ್ಪೊತ್ತು ಮಾಡುತ್ತಾಳೆ. ಅವಳಿಗೆ ಓದು ಬಾರದು. ಪಕ್ಕದ ಮನೆಯ ಷಡಕ್ಷರಿ ವಾಚನಾಲಯದ ಪತ್ರಿಕೆಯಲ್ಲಿ ಕಂಡದ್ದನ್ನೆಲ್ಲ ಅವಳಿಗೆ ಒಪ್ಪಿಸುತ್ತಾನೆ. ಅದಕ್ಕೇ ಈ ಕಳ್ಳತನ.

ಮನೆಗೆ ಕಾಲಿಟ್ಟೊಡನೆ ಸಿಕ್ಕಿಬಿದ್ದೆ.

“ಜುಬ್ಬದಾಗೆ ಅದೇನೋ ಸರಬರ ಅಂತೈತೆ?”

“ಪೇಪರ್ ಕಣವ್ವ.”

“ಆ ಹುಡ್ಗನ್ ವಿಷ್ಯ ಬಂದೈತಾ? ಓದು ಮತ್ತೆ.”

ನನ್ನ ಪತ್ರವನ್ನೇ ಎದುರಿಗೆ ಹಿಡಿದು ತಿರುವುಮುರುವು ಓದಿದೆ: ಲಿಂಗ ಹಿಡಿದ ಕೈಗೆ ಪಶ್ಚಾತ್ತಾಪ ಪಡುವಷ್ಟು ಆಯುಷ್ಯ ಕೊಡಿ, ಗಲ್ಲು ಬೇಡ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇದನ್ ಬರ್ದೋನು ಯಾವ ಪುಣ್ಯಾತ್ಗಿತ್ತಿ ಹೆತ್ತ ಮಗನೋ! ನೀನೂ ಐದೀಯ, ಬರೀ ಕುಚೋದ್ಯ ಮಾಡ್ಕಂಡು.”

ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಸೊಗಸಾಗಿದ್ದವು. ಮನಸ್ಸೂ ಹಗುರಾಗಿದೆ.

ಇನ್ನು ಆ ಬಂಡೆಯ ವಿಷಯ. ಸುಳ್ಳುಪತ್ರ ಓದುತ್ತ ಓದುತ್ತ ನಾನೇ ಅದನ್ನು ನಂಬಿಬಿಟ್ಟೆ. ಸಂಪಾದಕರಿಗೆ ‘ಗಲ್ಲು ಬೇಡ’ ಎಂದು ಕಾರ್ಡು ಬರೆದಿಟ್ಟಿದ್ದೇನೆ. ಕೆಳಗೆ ನನ್ನ ಹೆಸರು ಹಾಕುವ ಧೈರ್ಯ ಬರಲಿಲ್ಲ. ‘ತೀರ್ಥಮ್ಮ, ಕಡೂರು’ ಎಂದು ಅವ್ವನ ಹೆಸರನ್ನೇ ಹಾಕಿದ್ದೇನೆ.